ಹತ್ತಿಕಾಳಿಲ್ಲದ ಮಿಲ್ಲಿಗೆ ನಾನೂ ಒಬ್ಬ ಮಾಲೀಕ

ತಪ್ಪು ನನ್ನದೇ. ಹೆಂಡತಿಯ ಹೊಲಿಗೆ ಯಂತ್ರಕ್ಕೆಂದು ಅವಳ ತವರಿನವರು ಕೊಟ್ಟ ನೂರೈವತ್ತು ರೂಪಾಯಿಯನ್ನು ನಾನು ಒಂದು ಹತ್ತಿ ಮಿಲ್ಲಿನ ಕಂಪನಿಯ ಷೇರಿಗೆ ಹಾಕಿದೆ. ಓಣಿಯ ಆರು ಹೆಂಗಸರು ಆಗಲೇ ಜಂಪರಿನ ಬಟ್ಟೆ ತಂದು ಕೊಟ್ಟಿದ್ದರು. ನನ್ನನ್ನು ಮರುಳು ಮಾಡಿದವನು ಷೇರು ಮಾರಲು ಬಂದ ಏಜೆಂಟನಲ್ಲ. ನಾನೇ!

ಆ ಏಜೆಂಟು ಮಸ್ಕಿಗೆ ಬಂದದ್ದು ಒಂದೇ ದಿನ. ಉದ್ದ ಕೋಟು, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವ ದನಿ. "ಮಹಾಜನರೇ, ಸಿಂಧನೂರಿನಲ್ಲಿ ನಮ್ಮ ಹತ್ತಿ ಜಿನ್ನಿಂಗ್ ಮಿಲ್ಲು! ಇಂದಿನ ಹತ್ತು, ನಾಳಿನ ಇಪ್ಪತ್ತು!" ಅವನು ಲಿಂಗಸುಗೂರಿನ ಬಸ್ಸು ಹತ್ತಿದ್ದೇ ತಡ, ನಾನು ಚಹಾದ ಹೋಟೆಲಿನಲ್ಲಿ ಅವನ ಅಣಕು ಶುರು ಮಾಡಿದೆ. ಊರ ಗೌಡರಿಂದ ಹಿಡಿದು ಅವರ ಕೋಣದವರೆಗೆ ಎಲ್ಲರ ದನಿ ತೆಗೆಯುವ ನನಗೆ ಇದು ಯಾವ ಲೆಕ್ಕ? ಜನ ಹೊಟ್ಟೆ ಹಿಡಿದು ನಕ್ಕರು. ಒಂದು ವಾರ ಅದನ್ನೇ ಆಡಿದೆ. ಎಂಟನೆಯ ದಿನ ನನ್ನ ಮಾತು ನನಗೇ ಖರೆ ಅನ್ನಿಸಿತು! ಕೇಳಿದವರು ಯಾರೂ ಷೇರು ಕೊಳ್ಳಲಿಲ್ಲ. ಹೇಳಿದವನು ಕೊಂಡ.

ಹಾಗೆಂದು ಕಣ್ಣು ಮುಚ್ಚಿ ಕಂಪನಿಗೆ ಮನಿಯಾರ್ಡರ್ ಮಾಡಿದೆನೆಂದು ತಿಳಿಯಬೇಡಿ. ಏಜೆಂಟು ಹಂಚಿಹೋಗಿದ್ದ ಲೆಕ್ಕದ ಪತ್ರವನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಎಡಗಡೆ ಕಂಪನಿ ಕೊಡಬೇಕಾದದ್ದು, ಬಲಗಡೆ ಕಂಪನಿಯ ಹತ್ತಿರ ಇರುವುದು. ಕೆಳಗೆ ನೋಡಿದರೆ ಎರಡೂ ಕಡೆಯ ಮೊತ್ತ ಒಂದೇ! ಪೈಸೆ ಹೆಚ್ಚಿಲ್ಲ, ಪೈಸೆ ಕಡಿಮೆಯಿಲ್ಲ. ನಮ್ಮ ಕಿರಾಣಿ ಅಂಗಡಿಯ ತಕ್ಕಡಿ ಇಷ್ಟು ನೆಟ್ಟಗೆ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇಂಥ ನಿಯತ್ತಿನ ಕಂಪನಿ ಇನ್ನೆಲ್ಲಿ ಸಿಕ್ಕೀತು! ಮುಳುಗುವ ಕಂಪನಿಯ ಪತ್ರವೂ ಹೀಗೆಯೇ ಸರಿತೂಗುತ್ತದೆಂದು ಆಮೇಲೆ ತಿಳಿಯಿತು. ಮೇಲಾಗಿ, 'ನಿವ್ವಳ ಲಾಭ' ಎಂಬ ಸಾಲು ದಪ್ಪಕ್ಷರದಲ್ಲಿತ್ತು. ಅಷ್ಟು ದಪ್ಪಗಿದ್ದದ್ದು ಸುಳ್ಳಾದೀತೆ?

ಮನೆಗೆ ಬಂದು ಹೆಂಡತಿ ನೀಲಮ್ಮನಿಗೆ ಷೇರು ಕೊಂಡ ಸುದ್ದಿ ಒಪ್ಪಿಸಿದೆ.

"ಒಂದು ಮಿಷನ್ ಏನ್ ಕೇಳ್ತಿ? ಎರಡು ಕೊಡಸ್ತೀನಿ. ಒಂದು ಹೊಲ್ಯಾಕ, ಒಂದು ನೋಡಾಕ!"

ಅವಳು ಬಟ್ಟೆ ಮಡಚುತ್ತಲೇ ಕೇಳಿದಳು. "ಆ ಮಿಲ್ಲು ನಡದೈತೇನ್ರಿ?"

"ಲಾಭ ಬಂದೈತಿ ಅಂದ್ರ ನಡದಂಗಲ್ಲೇನ?"

"ಹಂಗಾದ್ರ ಕಾಳು ಎಲ್ಲಿ ಹೋದ್ವು? ಮಿಲ್ಲಿನ್ಯಾಗ ಹತ್ತಿ ಬಿಡಿಸಿದ್ರ ಅರಳಿ ಒಂದ್ ಕಡಿ, ಕಾಳು ಒಂದ್ ಕಡಿ ಬೀಳಬೇಕಲ್ಲ. ವರ್ಷಾತು, ನಮ್ಮ ಎಮ್ಮಿಗೆ ರಾಯಚೂರಿಂದ ಹತ್ತಿಕಾಳು ತರಸಾಕತ್ತೀವಿ. ಸಿಂಧನೂರು ಮಿಲ್ಲಿಂದು ಒಂದು ಚೀಲಾನೂ ಸಂತ್ಯಾಗ ನಾ ನೋಡಿಲ್ಲ."

"ಕಂಪನಿ ವ್ಯವಹಾರ ಎಮ್ಮೀನ ಕೇಳಿ ಮಾಡ್ತಾರೇನ?" ಎಂದು ಏಜೆಂಟನ ಮೂಗಿನ ದನಿಯಲ್ಲೇ ಗದರಿದೆ. ಗದರಿದವನು ಮರುದಿನ ಬೆಳಿಗ್ಗೆ ಸಿಂಧನೂರಿನ ಬಸ್ಸಿನಲ್ಲಿದ್ದೆ.

ಮಿಲ್ಲಿನ ಗೇಟಿಗೆ ಹೊಸ ಹಸಿರು ಬಣ್ಣ. ಚಿಮಣಿಯಿಂದ ಹೊಗೆ ಬರುತ್ತಿರಲಿಲ್ಲ, ಪಾರಿವಾಳ ಬರುತ್ತಿದ್ದವು. ಒಳಗೆ ಕಾವಲುಗಾರ ಇಮಾಮಸಾಬ ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ.

"ಯಾರ್ರೀ ನೀವು?"

"ಈ ಮಿಲ್ಲಿನ ಮಾಲೀಕರೊಳಗ ನಾನೂ ಒಬ್ಬ!"

ಅವನು ಧಡಕ್ಕನೆ ಎದ್ದು ಸಲಾಮು ಹೊಡೆದ. ನನ್ನ ಎದೆ ಗೇಟಿನಷ್ಟು ಅಗಲವಾಯಿತು.

"ಯಾ ಅಲ್ಲಾ, ಕಡೀಗೂ ಒಬ್ರು ಬಂದ್ರಲ್ಲ! ಮೂರು ತಿಂಗಳ ಪಗಾರ ಕೊಡ್ರಿ ಮಾಲಕ್ರ!"

ಎದೆ ಮೊದಲಿನ ಅಳತೆಗೆ ಬಂತು. "ಅಲ್ಲ ಚಾಚಾ, ಲಾಭ ಬಂದೈತಿ ಅಂತ ಬರದಾರಲ್ಲ?"

"ಝೂಟ್ ಅಲ್ರಿ, ಖರೇನ ಐತಿ. ನಾಕು ಮಷೀನ್ ಇದ್ವು, ಮೂರು ಮಾರ್ಯಾರ. ಅದ ಲಾಭ. ಉಳಿದದ್ದೊಂದು ಮಾರಿದ್ರ ಬರೋ ವರ್ಷಾನೂ ಲಾಭ ಐತ್ರಿ!"

ಮಾಲೀಕನ ಮರ್ಯಾದೆ ಉಳಿಸಿಕೊಳ್ಳಲು ತಿರುಗಿ ಹೋಗುವ ಬಸ್ಸಿನ ದುಡ್ಡನ್ನು ಅವನ ಕೈಗಿಟ್ಟೆ. ಮಸ್ಕಿಯ ಕಡೆಗೆ ಹೊರಟಿದ್ದ ಒಂದು ಎತ್ತಿನ ಚಕ್ಕಡಿಯವನ ಕಾಲು ಹಿಡಿದು, ಚೀಲಗಳ ಮೇಲೆ ಏರಿ ಕೂತೆ. ಕೆಳಗೇನೋ ಒತ್ತುತ್ತಿತ್ತು. ಚೀಲ ಮುಟ್ಟಿ, ಅದರ ಮೇಲಿನ ಮುದ್ರೆ ಓದಿದೆ. ರಾಯಚೂರಿನ ಹತ್ತಿಕಾಳು!

ಮನೆಯಲ್ಲಿ ನೀಲಮ್ಮ ಆರು ಹೆಂಗಸರ ಬಟ್ಟೆ ಹರವಿಕೊಂಡು, ಸೂಜಿಗೆ ದಾರ ಪೋಣಿಸುತ್ತಿದ್ದಳು. "ಮಹಾಜನರೇ..." ಎಂದು ಶುರು ಮಾಡಿದೆ. ಏಜೆಂಟನ ದನಿ ಬರಲಿಲ್ಲ. ನನ್ನ ದನಿಯೇ ಬಂತು. ಎಲ್ಲ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಪಕ್ಕದ ಮಣೆ ತೋರಿಸಿದಳು.

"ಬರ್ರಿ, ಕುಂದರ್ರಿ. ನಾ ಕೈಲೆ ಹೊಲಿತೀನಿ, ಮಿಷನ್ ಸಪ್ಪಳಾ ನೀವು ಬಾಯಿಲೆ ಮಾಡ್ರಿ!"