ಬೇಕರಿಯವನ ತಮ್ಮ

ಕೈ ಜಾರಿದ್ದು ಒಂದೇ ಕ್ಷಣ. ಬೆರಳುದ್ದದ ಗಾಜಿನ ಕೊಳವೆ ನೆಲಕ್ಕೆ ಬಿದ್ದು ಚೂರಾಯಿತು. ಪ್ರಯೋಗಾಲಯದಲ್ಲಿ ಆಗ ಅಟೆಂಡರ್ ಕಡ್ಡಿಯಪ್ಪ ಒಬ್ಬನೇ ಇದ್ದ. ಊರಿನ ಎರಡು ಸಾವಿರ ಜನರ ರಕ್ತ ತೆಗೆದು, ಬೊಜ್ಜು ವಂಶವಾಹಿಯಲ್ಲೇ ಬರುತ್ತದೆಯೋ ಇಲ್ಲವೋ ಎಂದು ಪತ್ತೆ ಹಚ್ಚುವ ಕೆಲಸ ಅಲ್ಲಿ ನಡೆದಿತ್ತು. ಚೆಲ್ಲಿದ್ದು ನೂರಿಪ್ಪತ್ತು ಕಿಲೋ ತೂಗುವ ಬೇಕರಿಯವನ ರಕ್ತ. ಒಂದು ಕೊಳವೆ ಹಾಳಾದರೂ ಕೆಲಸದಿಂದ ಕಿತ್ತುಹಾಕುವುದಾಗಿ ದೊಡ್ಡ ಡಾಕ್ಟರು ಮೊದಲೇ ಗುಡುಗಿದ್ದರು. ಕಡ್ಡಿಯಪ್ಪ ಹಲ್ಲು ಕಚ್ಚಿ ತನ್ನ ತೋಳಿಗೇ ಸೂಜಿ ಚುಚ್ಚಿಕೊಂಡು ಹೊಸ ಕೊಳವೆ ತುಂಬಿಸಿದ. ಬೇಕರಿಯವನ ಚೀಟಿ ಅಂಟಿಸಿ, ನೆಲ ಒರೆಸಿಬಿಟ್ಟ.

ಸಿಬ್ಬಂದಿಯ ಜೊತೆ ತಾನೂ ಮೊದಲ ದಿನವೇ ರಕ್ತ ಕೊಟ್ಟಿದ್ದು ಆ ಗಾಬರಿಯಲ್ಲಿ ನೆನಪಾಗಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನರ್ಸಮ್ಮ ಏದುಸಿರು ಬಿಡುತ್ತ ಬಂದರು.

"ರಕ್ತದಲ್ಲಿ ಏನೋ ವಿಚಿತ್ರ ಸಿಕ್ಕಿದೆಯಂತೆ. ಮೂರು ಗಂಟೆಗೆ ಡಾಕ್ಟರ ಕೋಣೆಗೆ ಎಲ್ಲರೂ ಹೋಗಬೇಕಂತೆ. ನೀನಂತೂ ಬರಲೇಬೇಕಂತೆ!"

ಮಧ್ಯಾಹ್ನ ಕಡ್ಡಿಯಪ್ಪ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಟ್ಟ. ಪ್ರಯೋಗಾಲಯದ ಸ್ಟೋರಿನವನು ಪಕ್ಕಕ್ಕೆ ಬಂದು ಪಿಸುಗುಟ್ಟಿದ.

"ಪೊಲೀಸರೂ ಬರಬಹುದು. ಏನೇ ಆಗಲಿ, ಬಾಯಿ ಮಾತ್ರ ಬಿಡಬೇಡಪ್ಪ."

ಇವರಿಗೆಲ್ಲ ನನ್ನ ಮೇಲೆ ಎಷ್ಟು ಕಾಳಜಿ ಎಂದು ಕಡ್ಡಿಯಪ್ಪನ ಕಣ್ಣು ತುಂಬಿತು.

ಮೂರು ಗಂಟೆಗೆ ಒಳಗೆ ಹೋದರೆ ಎರಡು ಕುರ್ಚಿ ತುಂಬ ಬೇಕರಿಯವನು ಕೂತಿದ್ದ. ಡಾಕ್ಟರ ಮುಖ ಮಾತ್ರ ಬೆಳಗುತ್ತಿತ್ತು.

"ಇವರಿಬ್ಬರ ವಂಶವಾಹಿ ಅಕ್ಷರಕ್ಕೆ ಅಕ್ಷರ ಒಂದೇ! ಅಂದ್ರೆ ಅವಳಿಗಳು! ಒಬ್ಬ ಆನೆ, ಒಬ್ಬ ಆಡು. ಇಲ್ಲೀತನಕ ಬರೆದ ಪುಸ್ತಕ ಎಲ್ಲಾ ಸುಳ್ಳಾಯ್ತು. ಇದು ಮೊದಲನೇ ಜೋಡಿ!"

"ತಮ್ಮಾ!" ಎಂದು ಬೇಕರಿಯವನು ಬಾಚಿ ತಬ್ಬಿದ. ಕಡ್ಡಿಯಪ್ಪನ ಪಕ್ಕೆಲುಬುಗಳು ಲಟಲಟ ಎಂದವು. "ಒಂಟಿಯಾಗಿ ಬೆಳೆದೆ ಕಣೋ. ಅಮ್ಮ ಒಂದು ಮಾತೂ ಹೇಳಲಿಲ್ಲ. ಇರು, ಇನ್ನೊಂದು ಮಗೂನ ಎಲ್ಲಿ ಬಿಟ್ಟೆ ಅಂತ ಈಗಲೇ ಕೇಳ್ತೀನಿ."

ಅವನು ಫೋನು ತೆಗೆದ. ಅವನಮ್ಮ ಎಂಬತ್ತೆರಡರ ಮುದುಕಿ, ಎರಡು ಸಲ ಹೃದಯ ಕೈಕೊಟ್ಟಾಕೆ. ಕೆಲಸ ಹೋಗುವ ಭಯಕ್ಕಿಂತ ಕೊಲೆಯ ಭಯ ದೊಡ್ಡದಾಯಿತು.

"ಬೇಡ ಅಣ್ಣಾ! ಅದು ನನ್ನ ರಕ್ತ. ನಿಮ್ಮ ಕೊಳವೆ ಒಡೆದುಬಿಟ್ಟೆ. ನಂದೇ ತುಂಬಿಸಿಟ್ಟೆ."

ಬೇಕರಿಯವನ ತೋಳು ಮೆಲ್ಲಗೆ ಸಡಿಲವಾಯಿತು. ಅವನು ಫೋನನ್ನು ಜೇಬಿಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಡಾಕ್ಟರು ಬೈಯಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನೇ ದಿಟ್ಟಿಸುತ್ತ ಬೆಳ್ಳಗಾದರು.

"ಹಾಗಾದ್ರೆ... ಉಳಿದ ಮೂರು ಜೋಡಿ? ನರ್ಸಮ್ಮ ಮತ್ತು ಪೋಸ್ಟ್ ಆಫೀಸಿನ ಹೆಂಗಸು. ಸ್ಟೋರಿನವನು ಮತ್ತು ಹೆಡ್‌ಮಾಸ್ಟರು. ನಮ್ಮ ಡ್ರೈವರು ಮತ್ತು ವಕೀಲರು..."

ನರ್ಸಮ್ಮ ಸೂರು ನೋಡಿದರು. ಸ್ಟೋರಿನವನು ಕೆಮ್ಮಿದ. ಡ್ರೈವರು ಬಾಗಿಲ ಬಳಿ ಇದ್ದವನು, ಈಗ ಇರಲಿಲ್ಲ.

ಎಲ್ಲರನ್ನೂ ಕಿತ್ತುಹಾಕಿದರೆ ಬಾಗಿಲು ತೆಗೆಯುವುದಕ್ಕೂ ಜನವಿಲ್ಲ. ಹಾಗಾಗಿ ಸಂಜೆಯೊಳಗೆ ಆಜ್ಞೆ ಬಂತು: ಎರಡು ಸಾವಿರ ಜನರ ರಕ್ತವನ್ನೂ ಮತ್ತೆ ತೆಗೆಯಬೇಕು. ಒಂದೊಂದು ಮನೆಯ ಬಾಗಿಲಲ್ಲೂ ಯಾಕೆಂದು ವಿವರಿಸುವ ಹೊಣೆ ಕಡ್ಡಿಯಪ್ಪನದು.

ಮೆಟ್ಟಿಲಿಳಿಯುವಾಗ ನರ್ಸಮ್ಮ ಹಲ್ಲು ಕಡಿದರು.

"ಬಾಯಿ ಮುಚ್ಕೊಂಡಿದ್ದಿದ್ರೆ ನಾವೆಲ್ಲ ಉಳೀತಿದ್ವಿ. ನಿನಗೂ ಒಬ್ಬ ಅಣ್ಣ ಇರ್ತಿದ್ದ."