ಬೀಜದ ಗದ್ದೆಯಲ್ಲಿ ಹೂತುಹೋದ ಕಟಾವು ಯಂತ್ರದವರಿಗೆ

ಬೆಳ್ಮಣ್,
ಕೊಯ್ಲು ಮುಗಿದ ಹದಿನೈದನೆಯ ದಿನ

ಮಾನ್ಯ ಕಟಾವು ಯಂತ್ರದವರೇ,

ಬೆಳ್ಮಣ್ಣಿನ ಬಯಲಿನ ಕೆಳಬದಿಯ ಐದು ಮನೆಗಳ ಪರವಾಗಿ, ಆ ಮನೆಗಳ ಆರು ದನಗಳ ಪರವಾಗಿ, ಹಾಗೂ ತಮ್ಮ ಸದ್ದಿಗೆ ಹೆದರಿ ಓಡಿ ಇವತ್ತಿನವರೆಗೂ ಮನೆಗೆ ಬಾರದ ಗುಣವತಿಯಕ್ಕನ ಬೆಕ್ಕಿನ ಪರವಾಗಿ ತಮಗೆ ನಮಸ್ಕಾರಗಳು. ತಾವು ಈಗ ಯಾವ ತಾಲೂಕಿನ ಯಾವ ಗದ್ದೆಯಲ್ಲಿ ಸವಾರಿ ಮಾಡುತ್ತಿದ್ದೀರೋ ತಿಳಿಯದು. ವಿಳಾಸ ಗೊತ್ತಿಲ್ಲದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ಬೇಸರವಿಲ್ಲ. ತಮ್ಮನ್ನು ಕರೆಸಬೇಕೆಂದು ಈಗಷ್ಟೇ ಮನಸ್ಸು ಮಾಡಿರುವ ಊರಿನವರು ಓದಿದರೆ ಸಾಕು.

ಮೊದಲಿಗೆ ತಮ್ಮ ಆಗಮನದ ವೈಭವವನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ತಮ್ಮ ಲಾರಿ ಒಳಗೆ ಬರಲೆಂದು ನಾವು ಹಲಸಿನ ಮರದ ಎರಡು ಗೆಲ್ಲು ಕಡಿದೆವು, ನೆರೆಮನೆಯ ಪೀಟರ್ ಪೊರ್ಬುಗಳ ಬೇಲಿಯನ್ನು ಬುಡಸಹಿತ ಕಿತ್ತೆವು, ಕೇಬಲ್ ಟೀವಿಯ ವಯರನ್ನು ಮಾವಿನಹಣ್ಣು ಕೊಯ್ಯುವ ದೋಟಿಯಿಂದ ಎತ್ತಿಹಿಡಿದು ಅರ್ಧ ಗಂಟೆ ನಿಂತೆವು, ಕೊನೆಗೆ ಗದ್ದೆಯ ಬದುವನ್ನೂ ಕಡಿದು ತಮಗೆ ಹೆದ್ದಾರಿ ಮಾಡಿಕೊಟ್ಟೆವು. ನಾನು ಮದುವೆಯಾಗಿ ಇದೇ ದಾರಿಯಲ್ಲಿ ದಿಬ್ಬಣದೊಂದಿಗೆ ಬಂದಾಗ ಯಾರೂ ಒಂದು ಗೆಲ್ಲನ್ನೂ ಕಡಿದಿರಲಿಲ್ಲ. ತಲೆ ಬಗ್ಗಿಸಿ ಬಾ ಎಂದಿದ್ದರು. ತಾವು ತಲೆ ಬಗ್ಗಿಸುವವರಲ್ಲ ಎಂಬುದು ನಮಗೆ ಮೊದಲೇ ತಿಳಿದಿತ್ತು.

ನನ್ನ ದೂರು ದೊಡ್ಡದೇನಲ್ಲ, ಹದಿನೈದು ಸೆಂಟ್ಸಿನದ್ದು. ನಮ್ಮ ಗದ್ದೆಗಳಲ್ಲಿ ಎಲ್ಲಕ್ಕಿಂತ ಕೆಳಗೆ, ನೀರು ಹರಿಯುವ ತೋಡಿನ ಬದಿಯಲ್ಲಿ ಒಂದು ಚಿಕ್ಕ ಗದ್ದೆ ಇದೆ. ಅದರಲ್ಲಿ ಬೆಳೆಯುವ ಕೆಂಪು ಕಜೆ ಭತ್ತವನ್ನು ನಾವು ಉಣ್ಣುವುದಿಲ್ಲ, ಮಾರುವುದಿಲ್ಲ. ಮುಂದಿನ ವರ್ಷದ ಬಿತ್ತನೆಗೆ ಐದೂ ಮನೆಗಳಿಗೆ ಬೀಜ ಹೋಗುವುದು ಅದರಿಂದಲೇ. ಪೇಟೆಯಲ್ಲಿ ಕೇಳಿದರೆ ಬಣ್ಣಬಣ್ಣದ ಚೀಲದಲ್ಲಿ ಬೇರೆ ಏನೇನೋ ಕೊಡುತ್ತಾರೆ, ಇದನ್ನು ಕೊಡುವುದಿಲ್ಲ. ಆ ಒಂದು ಗದ್ದೆಯ ಕಾಳು ನೀರಿಗೆ ಬಿದ್ದು ಮೊಳೆತರೆ ನಮ್ಮ ಬಯಲಿನಲ್ಲಿ ಕಜೆಯ ವಂಶ ಅಲ್ಲಿಗೆ ಮುಗಿಯಿತು. ಅದು ಮುಗಿಯುವುದಕ್ಕೆ ಈ ಸಲ ಒಂದೇ ದಿನ ಬಾಕಿ ಇತ್ತು.

ಅದಕ್ಕೂ ತಮಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಶುರುವಾದದ್ದು ತಾವು ಬರುವ ಮೊದಲೇ. ಇಸ್ತ್ರಿ ಹಾಕಿದ ಅಂಗಿಯ ಒಬ್ಬ ಮಹನೀಯರು ನಮ್ಮೂರಿನ ಸಭೆಯೊಂದರಲ್ಲಿ ಮೈಕ್ ಹಿಡಿದು ತಮ್ಮ ಚಿತ್ರವನ್ನು ಪರದೆಯ ಮೇಲೆ ತೋರಿಸಿ, "ಹಳೆ ಸಾಮಾನು ಇಟ್ಟುಕೊಂಡವರ ಮನಸ್ಸೂ ಹಳೆಯದೇ" ಎಂದು ಹೇಳಿ ಹೋದರು. ಅಂದಿನಿಂದ ಐದೂ ಮನೆಯವರಿಗೆ ತಂತಮ್ಮ ಕೊಟ್ಟಿಗೆ ನೋಡಿದರೆ ನಾಚಿಕೆಯಾಗತೊಡಗಿತು. ಆಯುಧಪೂಜೆಯ ದಿನ ಎಂದಿನಂತೆ ಎಲ್ಲವನ್ನೂ ಅಂಗಳಕ್ಕೆ ತಂದು ತೊಳೆದು, ಗಂಧ ಹಚ್ಚಿ, ಹೂವಿಟ್ಟು, ಆರತಿ ಎತ್ತಿ ಕೈಮುಗಿದೆವು. ಮರುದಿನ ಬೆಳಿಗ್ಗೆ ಗುಜರಿಯವನ ಪಿಕಪ್ಪನ್ನು ಅದೇ ಅಂಗಳಕ್ಕೆ ಕರೆದೆವು. ಗುಣವತಿಯಕ್ಕನ ಮನೆಯ ಕಾಲಲ್ಲಿ ತುಳಿದು ಭತ್ತ ಬಿಡಿಸುವ ಯಂತ್ರವನ್ನು ತೂಗುವಾಗ ಗುಜರಿಯವನು, "ಅಕ್ಕ, ಆ ಹೂವು ತೆಗೀರಿ, ತೂಕಕ್ಕೆ ಸೇರ್ತದೆ" ಎಂದ. ಅಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಈಚೆಗೆ ಕಂಡಿಲ್ಲ.

ಪೀಟರ್ ಪೊರ್ಬುಗಳದ್ದು ಆಯುಧಪೂಜೆಯ ಮನೆಯಲ್ಲ, ಆದರೆ ನಾಚಿಕೆಗೆ ಜಾತಿಭೇದವಿಲ್ಲವಲ್ಲ, ಅವರೂ ತಮ್ಮ ಟಿಲ್ಲರನ್ನು ಕೊಟ್ಟರು. ಅದನ್ನು ಪಿಕಪ್ಪಿಗೆ ಹತ್ತಿಸಲು ನಾಲ್ಕು ಜನ ಎಷ್ಟು ನೂಕಿದರೂ ಆಗಲಿಲ್ಲ. ಕೊನೆಗೆ ಪೊರ್ಬುಗಳು ಬೇಸತ್ತು ಒಮ್ಮೆ ತಿರುಗಿಸಿ ಸ್ಟಾರ್ಟ್ ಮಾಡಿದರು. ಮೊದಲ ತಿರುಗಣೆಗೇ ಎದ್ದ ಆ ಟಿಲ್ಲರ್ ಡುಗುಡುಗು ಎನ್ನುತ್ತಾ ಹಲಗೆ ಏರಿ, ತನ್ನ ಕಾಲಲ್ಲಿ ತಾನೇ ನಡೆದು ಗುಜರಿ ಗಾಡಿಯನ್ನು ಹತ್ತಿತು. ನಡೆಯಲು ಬಾರದ್ದೆಂದು ಬಿಟ್ಟುಕೊಟ್ಟದ್ದು ನಡೆದುಕೊಂಡೇ ಹೋದದ್ದನ್ನು ನಾವೆಲ್ಲ ನಿಂತು ನೋಡಿದೆವು, ಅವರ ಹೆಂಡತಿ ಮ್ಯಾಗ್ಡಲಿನ್ ಬಾಯಿ ಕೈಬೀಸಿಯೂ ಬಿಟ್ಟರು. ಯಾರೂ ನಿಲ್ಲಿಸಲಿಲ್ಲ. ತಾವು ಬರುವವರಿದ್ದಿರಲ್ಲ!

ಹಾಗೆಯೇ ಪಡಿಮಂಚಗಳೂ ಹೋದವು. ತಮಗೆ ಆ ವಸ್ತುವಿನ ಪರಿಚಯ ಇರಲಾರದು: ಅಡಿಕೆ ಮರದ ಸಲಾಕೆಗಳನ್ನು ಬೆರಳಗಲ ಸಂದು ಬಿಟ್ಟು ಜೋಡಿಸಿದ ಓರೆ ಮಂಚ ಅದು, ತೆನೆಯ ಸೂಡಿಯನ್ನು, ಅಂದರೆ ಕಟ್ಟನ್ನು, ಅದರ ಮೇಲೆ ಬಡಿದರೆ ಕಾಳು ಕೆಳಗೆ ಬೀಳುತ್ತದೆ, ಉದ್ದನೆಯ ಬೈಹುಲ್ಲು ಕೈಯಲ್ಲಿ ಉಳಿಯುತ್ತದೆ. ಡೀಸೆಲ್ ಬೇಡ, ಡ್ರೈವರ್ ಬೇಡ. ಕೊಯ್ಲಿಲ್ಲದ ದಿನ ಅದರ ಮೇಲೆ ಹಪ್ಪಳ ಒಣಗಿಸಬಹುದು, ಮನೆಗೆ ಬಂದ ಅಳಿಯನನ್ನು ಕೂರಿಸಬಹುದು. ಮರದ್ದನ್ನು ಗುಜರಿಯವನು ಒಯ್ಯಲಾರನೆಂದು ನಾವು ತಿಳಿದಿದ್ದೆವು. ಅವನು, "ಅದನ್ನೂ ಕೊಡಿ, ಮಣಿಪಾಲದ ಕಾಫಿ ಅಂಗಡಿಯವರು ಕೇಳ್ತಾ ಇದ್ದಾರೆ" ಎಂದು ಮೇಲೆಯೇ ಕಟ್ಟಿಕೊಂಡು ಹೋದ.

ಇಲ್ಲಿ ನಮ್ಮ ಐದು ಮನೆಗಳ ಒಂದು ಕ್ರಮವನ್ನು ತಮಗೆ ತಿಳಿಸಬೇಕು. ನಮ್ಮಲ್ಲಿ ಪಡಿಮಂಚ ಯಾರದ್ದೆಂದು ಯಾರೂ ಕೇಳುತ್ತಿರಲಿಲ್ಲ. ಒಬ್ಬರ ಕೊಯ್ಲಿಗೆ ಎಲ್ಲರ ಮಂಚ. ಇವತ್ತು ನಮ್ಮ ಅಂಗಳದಲ್ಲಿದ್ದದ್ದು ನಾಳೆ ಇಬ್ಬರ ತಲೆಯ ಮೇಲೆ ಕುಳಿತು ತೋಡಿನ ಮೇಲಿನ ಸಂಕ ದಾಟಿ ಆಚೆ ಮನೆಗೆ ಹೋಗುತ್ತಿತ್ತು. ಇಂಥ ಒಗ್ಗಟ್ಟಿನಿಂದ ಆಗುವ ಅನಾಹುತ ಒಂದೇ, ಅದು ಈ ವರ್ಷ ಆಯಿತು.

ಮೇಲಿನ ಗದ್ದೆಗಳನ್ನು ತಾವು ಒಂದೂವರೆ ಗಂಟೆಯಲ್ಲಿ ಮುಗಿಸಿದ್ದನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ. ಬೈಹುಲ್ಲನ್ನು ತಾವು ಎಷ್ಟು ಚಂದ ಜಜ್ಜಿ, ತುಂಡರಿಸಿ, ಕೆಸರಿಗೆ ಉದುರಿಸಿದಿರೆಂದರೆ ನಮ್ಮ ದನ ಅದನ್ನು ಒಮ್ಮೆ ಮೂಸಿ ನನ್ನ ಮುಖವನ್ನು ಬಹಳ ಹೊತ್ತು ನೋಡಿತು. ಹಿಂದಿನ ಊರಿನ ಬಿಳಿ ಭತ್ತವನ್ನೂ ತಮ್ಮ ಹೊಟ್ಟೆಯಲ್ಲಿ ಇಟ್ಟುಕೊಂಡು ಬಂದು ನಮ್ಮ ಭತ್ತಕ್ಕೆ ಬೆರೆಸಿ ಕೊಟ್ಟಿರಿ. ಬರಿಗೈಯಲ್ಲಿ ಬರಬಾರದೆಂಬ ತಮ್ಮ ಸಂಸ್ಕಾರಕ್ಕೆ ನಾವು ಋಣಿಗಳು. ಬೀಜದ ಗದ್ದೆಗೂ ಅದೇ ಉಡುಗೊರೆ ಸಿಗುತ್ತದೆಂದು ಗೊತ್ತಿದ್ದೂ, ಅಷ್ಟಕ್ಕೇ ಮತ್ತೆ ಕೈಯಲ್ಲಿ ಬಡಿಯುವ ಸೋಮಾರಿತನಕ್ಕೆ, ತಮ್ಮನ್ನು ಕೆಳಗೆ ಇಳಿಸಿದ್ದು ನಾನೇ. ಆದರೆ ತಾವು ಬದುವಿನಿಂದ ಎರಡು ಮಾರು ಒಳಗೆ ಹೋಗುವಷ್ಟರಲ್ಲಿ ನಿಂತಿರಿ, ನಿಧಾನಕ್ಕೆ ಕೂತಿರಿ, ಮತ್ತೆ ಏಳಲಿಲ್ಲ.

ತಮ್ಮ ಚಾಲಕ ಸಜ್ಜನ. ತಮ್ಮನ್ನು ಎಬ್ಬಿಸಲು ಲಾರಿಯಿಂದ ಆ ಎರಡು ಕಬ್ಬಿಣದ ಏಣಿಗಳನ್ನು, ತಾವು ಲಾರಿ ಹತ್ತಿಳಿಯಲು ಬಳಸುವ ಪಾದುಕೆಗಳನ್ನು, ಹೊತ್ತು ತಂದು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಎಳೆಯುವ ಹಿಟಾಚಿ ಕಾರ್ಕಳದಲ್ಲಿ ಬೇರೆ ಕೆಲಸದಲ್ಲಿತ್ತು. ಮರುದಿನ ಮಧ್ಯಾಹ್ನಕ್ಕೆ ಬರುತ್ತೇನೆಂದಿತು. ಮೊಬೈಲಿನಲ್ಲಿ ನೋಡಿದರೆ ಮಳೆಯೂ ಮರುದಿನ ಮಧ್ಯಾಹ್ನಕ್ಕೇ ಬರುತ್ತೇನೆಂದಿತು. ಕಜೆ ಆಗಲೇ ಬಲಿತು ಬಾಗಿ ನೆಲ ನೋಡುತ್ತಿತ್ತು.

ಹುಲ್ಲು ಕೊಯ್ಯುವ ಕತ್ತಿಗಳಾದರೂ ಉಳಿದಿದ್ದವು, ಕೊಯ್ಯಬಹುದಿತ್ತು, ಬಡಿಯುವುದು ಎಲ್ಲಿ? ನಾನು ಧೈರ್ಯದಿಂದಲೇ ಮ್ಯಾಗ್ಡಲಿನ್ ಬಾಯಿಯವರ ಮನೆಗೆ ಹೋಗಿ ಪಡಿಮಂಚ ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ನಮ್ಮದು ಕೊಟ್ಟಾಯ್ತಲ್ಲ ಮಾರಾಯ್ತಿ! ಗುಣವತಿಯದ್ದು ಉಂಟಲ್ಲ ಅಂತ ಕೊಟ್ಟದ್ದು" ಎಂದರು. ಗುಣವತಿಯಕ್ಕ, "ಅಯ್ಯೋ, ನಿಮ್ಮದು ಉಂಟು ಅಂತ ನಾನು ಕೊಟ್ಟೆ ಮನೋರಮಾ" ಎಂದಳು. ನಾನು ನನ್ನದನ್ನು ಕೊಟ್ಟದ್ದು ಮ್ಯಾಗ್ಡಲಿನ್ ಬಾಯಿಯವರದ್ದು ಇದೆಯೆಂದು. ಉಳಿದ ಎರಡು ಮನೆಯವರು ನಮ್ಮ ಮೂರು ಮನೆಗಳನ್ನು ನಂಬಿದ್ದರು. ನನ್ನ ಗಂಡ ಸುಂದರ ಎಲ್ಲವನ್ನೂ ಕೇಳಿ, "ಒಬ್ಬರಾದರೂ ಜಗಳ ಮಾಡಿಕೊಂಡು ಇದ್ದಿದ್ದರೆ ಒಂದು ಮಂಚ ಉಳೀತಿತ್ತು" ಎಂದು ಬದುವಿನಲ್ಲಿ ಕುಳಿತರು.

ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ ಮಾಡುವ ನಮ್ಮ ಮಗಳು ಯಶ್ಮಿತಾಳಿಗೆ ಫೋನು ಮಾಡಿದೆ. ಅವಳು ಊಟದ ಹೊತ್ತಿನಲ್ಲಿ ಆ ಕಾಫಿ ಅಂಗಡಿಯನ್ನು ಹುಡುಕಿ ಹೋದಳು. ನಮ್ಮ ಪಡಿಮಂಚ ಅಲ್ಲಿ ಸುಖವಾಗಿತ್ತು. ಮೇಲೆ ಗಾಜು ಹಾಕಿ, ಪಾಲಿಶ್ ಹೊಡೆದು, ನಾಲ್ಕು ವಿದ್ಯಾರ್ಥಿಗಳು ಅದರ ಸುತ್ತ ಕುಳಿತು ಕೇಕು ತಿನ್ನುತ್ತಿದ್ದರು. ಒಂದು ದಿನಕ್ಕೆ ಕೊಡಿ, ಭತ್ತ ಬಡಿದು ತಂದುಕೊಡುತ್ತೇವೆಂದು ಅವಳು ಕೇಳಿದ್ದಕ್ಕೆ ಮ್ಯಾನೇಜರು ಬಹಳ ವಿನಯದಿಂದ, "ಸಾರಿ ಮೇಡಂ, ಅದು ಟೇಬಲ್ ನಂಬರ್ ಏಳು, ಭಾನುವಾರದವರೆಗೆ ಬುಕ್ ಆಗಿದೆ" ಎಂದರಂತೆ. ಭತ್ತವನ್ನೇ ಅಲ್ಲಿಗೆ ತಂದು ಬಡಿದರೆ ಹೇಗೆಂದು ಅವಳು ಕೇಳಿದಳಂತೆ. ಗಾಜು ಒಡೆಯುತ್ತದೆಂದರಂತೆ.

ಆಗ ನಮ್ಮನ್ನು ಉಳಿಸಿದವಳು ರಾಚವ್ವ. ಅವಳೂ ಅವಳ ಗಂಡ ಮಲಕಪ್ಪನೂ ಬಾಗಲಕೋಟೆಯ ಕಡೆಯಿಂದ ಬಂದು ಪೊರ್ಬುಗಳ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ದಿನಾ ಬಸ್ಸಿನಲ್ಲಿ ಕುಕ್ಕುಂದೂರಿನ ಕಟ್ಟಡದ ಕೆಲಸಕ್ಕೆ ಹೋಗಿಬರುವವರು. ಅಂದು ಅಲ್ಲಿ ಜಲ್ಲಿ ಬಾರದೆ ಕೆಲಸವಿರಲಿಲ್ಲ. ನಾವು ಐದು ಮನೆಯವರು ತಮ್ಮ ಸುತ್ತ ಸೂತಕದವರಂತೆ ನಿಂತಿದ್ದನ್ನು ನೋಡಿ ಅವಳು ಇಳಿದು ಬಂದು, ವಿಷಯ ಕೇಳಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದಳು: "ಯಕ್ಕಾ, ಬಡಿಯಾಕ ಕಟಗಿ ಮಂಚಾನ ಆಗಬೇಕೇನ್ರಿ? ಆ ಕಬ್ಬಿಣದ ಏಣಿ ಸುಮ್ನ ಬಿದ್ದೈತಲ್ಲ!"

ಮಾನ್ಯರೇ, ಆ ಮಾತು ಕೇಳಿ ನಾವು ತಮ್ಮ ಪಾದುಕೆಗಳ ಕಡೆಗೆ ನೋಡಿದೆವು. ಉದ್ದನೆಯ ಎರಡು ಕಬ್ಬಿಣದ ಪಟ್ಟಿ, ನಡುವೆ ಸಂದು ಬಿಟ್ಟು ಸಾಲಾಗಿ ಸಲಾಕೆ. ತಮ್ಮ ಚಾಲಕ ನಕ್ಕು, "ನಾಲ್ಕು ಟನ್ ಮಿಷಿನ್ ಹೊರುತ್ತೆ ಅಮ್ಮಾ, ನಿಮ್ಮ ಪೆಟ್ಟು ಹೊರಲ್ವಾ" ಎಂದು ಅನುಮತಿ ಕೊಟ್ಟರು. ಎಲ್ಲರೂ ಕತ್ತಿ ಹಿಡಿದು ಗದ್ದೆಗಿಳಿದೆವು. ಕತ್ತಲಾಗುವ ಮೊದಲು ಕೊಯ್ದು ಸೂಡಿ ಕಟ್ಟಿ, ಬೆಳಗಾಗುತ್ತಲೇ ಏಣಿಯ ಒಂದು ತುದಿಯನ್ನು ತಮ್ಮ ಮೈಗೆ ಒರಗಿಸಿ, ಇನ್ನೊಂದನ್ನು ಬದುವಿಗೆ ಊರಿ, ಕೆಳಗೆ ಚಾಪೆ ಹಾಸಿ ಬಡಿಯತೊಡಗಿದೆವು. ಚಾಲಕರೂ ಬಡಿದರು; ಅವರ ಊರಿನ ಪೆಟ್ಟೇ ಬೇರೆ, ಸೂಡಿಯನ್ನು ತಲೆಯ ಹಿಂದಿನಿಂದ ಬೀಸಿ ತರುತ್ತಾರೆ. ಮಲಕಪ್ಪನ ಒಂದೊಂದು ಪೆಟ್ಟಿಗೂ ತಾವು ಢಣ್ಣೆಂದು ಓಗೊಟ್ಟಿರಿ. ಮ್ಯಾಗ್ಡಲಿನ್ ಬಾಯಿಯವರಂತೂ, "ನನ್ನ ಬೇಲಿ ಕೀಳಿಸಿದ್ದಕ್ಕೆ ಇದು, ಇದು ಹುಲ್ಲು ಪುಡಿ ಮಾಡಿದ್ದಕ್ಕೆ" ಎಂದು ಲೆಕ್ಕ ಹಿಡಿದು ಬಡಿದರು. ಹಿಟಾಚಿಯವರು ಬಂದಾಗ ಇನ್ನೂ ಎಂಟು ಸೂಡಿ ಬಾಕಿ ಇತ್ತು. "ಸ್ವಲ್ಪ ಕೂತುಕೊಳ್ಳಿ, ಬೆಲ್ಲ ನೀರು ಕುಡೀರಿ, ಮಿಷಿನ್ ಈಗ ಕೆಲಸದಲ್ಲಿ ಉಂಟು" ಎಂದು ಸುಂದರ ಅವರನ್ನು ಕಾಯಿಸಿದರು. ತಾವು ನಮ್ಮ ಬಯಲಿನಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದೇ. ಎಂಜಿನ್ ಆಫ್ ಆಗಿದ್ದಾಗ ಮಾಡಿದ್ದು.

ಕಡೆಯ ಚಾಪೆಯನ್ನು ಜಗಲಿಗೆ ಎಳೆದುಕೊಂಡ ಕೂಡಲೇ ಮಳೆ ಬಂತು. ಈಗ ಕಾಳು ಒಣಗಿದೆ. ತಾವು ಮುಟ್ಟದ ಉದ್ದನೆಯ ಬೈಹುಲ್ಲಿನಲ್ಲಿ ಸುಂದರ ಮೂರು ಮುಡಿ, ಅಂದರೆ ಹುಲ್ಲಿನ ಮೂಟೆ, ಬೀಜ ಕಟ್ಟಿ ಅಟ್ಟದಲ್ಲಿಟ್ಟಿದ್ದಾರೆ. ಬಿಳಿ ಕಾಳು ಒಂದೂ ಇಲ್ಲ.

ಹೀಗಿರುವುದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳು. ಮುಂದಿನ ವರ್ಷ ಬರುವ ಮೊದಲು ಮಣಿಪಾಲದ ಯಾವುದಾದರೂ ಒಳ್ಳೆಯ ವೈದ್ಯರಿಗೆ ತೋರಿಸಿ, ಇಬ್ಬರು ತಲೆಯ ಮೇಲೆ ಹೊತ್ತು ಸಂಕ ದಾಟಿಸುವಷ್ಟು ತೂಕ ಇಳಿಸಿಕೊಂಡು ಬರಬೇಕು. ಕೊಯ್ಲು ಮುಗಿದ ಮೇಲೆ ಓಡಿಹೋಗದೆ, ನಮ್ಮ ಜಗಲಿಯಲ್ಲಿ ವರ್ಷವಿಡೀ ನಿಂತು ಹಪ್ಪಳ ಒಣಗಿಸಲು ಬೆನ್ನು ಕೊಡಬೇಕು. ದನದ ಮುಂದೆ ನಿಂತು ಬೈಹುಲ್ಲಿನ ವಿಷಯದಲ್ಲಿ ತಾವೇ ಖುದ್ದಾಗಿ ಸಮಜಾಯಿಷಿ ಹೇಳಬೇಕು, ನನ್ನ ಮಾತನ್ನು ಅದು ನಂಬುತ್ತಿಲ್ಲ. ಪೊರ್ಬುಗಳು ಈಗಲೂ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆಗೆ ಹೋಗಿ ನಿಂತು ಬರುತ್ತಾರೆ. ಉಳುವ ಹೊತ್ತಿಗೆ ಬೀಜದ ಗದ್ದೆಗೆ ಇಳಿದು ಹೂಳದೆ ಮೇಲೆ ಬರಬಲ್ಲ ಒಂದು ಟಿಲ್ಲರನ್ನು, ಸಾಧ್ಯವಾದರೆ ತನ್ನ ಕಾಲಲ್ಲೇ ನಡೆದುಹೋದ ಅದನ್ನೇ, ಎಲ್ಲಿಂದಾದರೂ ನಡೆಸಿಕೊಂಡು ಬರಬೇಕು. ಗುಣವತಿಯಕ್ಕನ ಬೆಕ್ಕು ದಾರಿಯಲ್ಲಿ ಸಿಕ್ಕಿದರೆ ಅದನ್ನೂ.

ತಮ್ಮ ಏಣಿಯ ಋಣದಲ್ಲಿರುವ,
ತಮ್ಮ ವಿಶ್ವಾಸಿ,
ಮನೋರಮಾ
(ಕೆಳಗಿನ ಐದು ಮನೆಗಳ ಪರವಾಗಿ)

ತಾ.ಕ.: ತಮಗಿಂತ ದೊಡ್ಡವರೊಬ್ಬರು ಬರಲಿದ್ದಾರೆಂದು ಅದೇ ಇಸ್ತ್ರಿ ಅಂಗಿಯವರು ಮೊನ್ನೆ ಇನ್ನೊಂದು ಸಭೆಯಲ್ಲಿ ಹೇಳಿದರು, ಪರದೆಯ ಮೇಲೆ ತಮ್ಮ ಚಿತ್ರ ಈ ಸಲ "ಹಳೆಯ ಪದ್ಧತಿ" ಎಂಬ ಸಾಲಿನ ಕೆಳಗಿತ್ತು. ತಾವು ಹೆದರಬೇಡಿ. ನಡೆಯಲು ಬಂದರೂ ಸರಿ, ಸ್ನಾನ ಮಾಡಿಸಿ, ಗಂಧ ಹಚ್ಚಿ, ಹೂವಿಟ್ಟೇ ಕಳುಹಿಸುವುದು ನಮ್ಮ ಕ್ರಮ. ತೂಗುವಾಗ ಹೂವು ತೆಗೆಸುತ್ತೇವೆ. ಏಣಿಗಳನ್ನು ಮಾತ್ರ ಇಲ್ಲಿ ಬಿಟ್ಟುಹೋಗಿ. ಯಾರ ಮನೆಯಲ್ಲಿ ಇಡುವುದೆಂದು ಈ ಸಲ ಬರೆದು, ಐದೂ ಮನೆಯವರು ಸಹಿ ಹಾಕಿದ್ದೇವೆ.