ಸ್ಟೂಲಿಗೆ ಬೆಸುಗೆ ಹಾಕಿದ ವಿದ್ವಾಂಸ

ಭಾಮೈದ: ಸ್ಟೂಲಿನ ವಿಷಯ ಬರೀರಿ ಅಂತ ನಿಮಗೆ ಯಾರು ಹೇಳಿದ್ರು ಭಾವ?

ನಾನು: ಯಾರು ಯಾಕೆ ಹೇಳ್ಬೇಕು? ಮುರಿದದ್ದು ನೀನು, ಬೆಸುಗೆ ಹಾಕಿದ್ದು ನಾನು. ನಿನ್ನ ಸಂಶೋಧನೆ ಪೇಪರಲ್ಲಿ ನೋಡಿದ್ರೆ, 'ಸೂಕ್ತ ಎತ್ತರದ ಪೀಠವನ್ನು ಬಳಸಲಾಯಿತು' ಅಂತಿದೆ. ಯಾವ ಪೀಠವಯ್ಯಾ ಅದು? ನಮ್ಮನೆ ಸ್ಟೂಲು.

ಭಾಮೈದ: ಎರಡು ಸಾಲು ಸಾಕು ಅಂದಿದ್ದೆ. 'ಚೆನ್ನಾಗಿದೆ, ಪ್ರಕಟಿಸಬಹುದು.' ಅಷ್ಟೇ. ನೀವು ಎರಡು ಪುಟ ಬರ್ದು ಕಳ್ಸಿದ್ದೀರಿ.

ನಾನು: ಕೊರತೆ ಇದ್ರೆ ಮುಚ್ಚುಮರೆ ಇಲ್ಲದೆ ತಿಳಿಸಿ ಅಂತ ಪತ್ರಿಕೆಯವರೇ ಕೇಳಿದ್ರು. ಇತ್ತು, ತಿಳಿಸ್ದೆ.

ಭಾಮೈದ ನನ್ನ ವೆಲ್ಡಿಂಗ್ ಅಂಗಡಿಯ ಬಾಗಿಲಲ್ಲಿ, ಅರ್ಧ ಮುಗಿದ ಗೇಟಿನ ಆಚೆ ನಿಂತಿದ್ದ. ಸರಳುಗಳ ಸಂದಿಯಿಂದ ನೋಡಿದರೆ ಆಗಲೇ ಜೈಲಿಗೆ ಹೋದವನ ಹಾಗೆ ಕಾಣುತ್ತಿದ್ದ. ಭಾನುವಾರ ಮಧ್ಯಾಹ್ನ ಉಂಡು ಮಲಗುವ ಮನುಷ್ಯ, ಬಿಸಿಲಲ್ಲಿ ಬೆವರು ಒರೆಸಿಕೊಂಡು ಬಂದಿದ್ದಾನೆಂದರೆ ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾಗಿತ್ತು. ಆದರೂ ಸಿಟ್ಟು ನನ್ನದೇ ಮೊದಲು. ಎರಡು ದಿನ ಕೂತು, ಕೈಯ ಮಸಿ ತೊಳೆದುಕೊಂಡು ಬರೆದದ್ದನ್ನು ಹೀಗೆ ಹೀನಾಯ ಮಾಡಿದರೆ ಯಾರಿಗೆ ಉರಿಯುವುದಿಲ್ಲ?

ನನ್ನ ಹೆಂಡತಿಯ ತಮ್ಮ ಇವನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾನೆ. ಈ ವರ್ಷ ಒಂದು ಪೇಪರ್ ಅಚ್ಚಾಗದಿದ್ದರೆ ಬಡ್ತಿ ಇಲ್ಲ, ಅವನಿಗಿಂತ ಆಮೇಲೆ ಸೇರಿದವನು ಅವನ ತಲೆಯ ಮೇಲೆ ಕೂರುತ್ತಾನೆ. ಅದಕ್ಕೇ ಹಲ್ಲಿಗಳನ್ನು ಹಿಡಿದ. ಹಲ್ಲಿಗಳು ಬಿಳಿ ಟ್ಯೂಬ್‌ಲೈಟಿನ ಹತ್ತಿರ ಹೆಚ್ಚು ಬರುತ್ತವೋ ಹಳದಿ ಬಲ್ಬಿನ ಹತ್ತಿರ ಹೆಚ್ಚು ಬರುತ್ತವೋ ಎಂಬುದು ಅವನ ಸಂಶೋಧನೆ. ಅವನು ಇರುವುದು ಹೊಸ ಫ್ಲ್ಯಾಟಿನಲ್ಲಿ, ಅಲ್ಲಿ ಹಲ್ಲಿ ಇಲ್ಲ. ನಮ್ಮ ಅಡುಗೆಮನೆಯಲ್ಲಿ ಧಾರಾಳವಾಗಿ ಇವೆ. ಅಲ್ಲೇ ಒಂದು ವಾರ ಟ್ಯೂಬ್‌ಲೈಟ್, ಒಂದು ವಾರ ಹಳದಿ ಬಲ್ಬು ಎಂದು ಬದಲಾಯಿಸಲು ಹತ್ತಿ ಇಳಿದು ಸ್ಟೂಲಿನ ಕಾಲು ಮುರಿದ.

ಪೇಪರನ್ನು ಒಂದು ಪತ್ರಿಕೆಗೆ ಕಳಿಸಿದ. ನಮ್ಮ ಭಾಷೆಯದೇ ಪತ್ರಿಕೆ, ಆದ್ದರಿಂದ ನನಗೂ ಓದಲು ಬಂತು. ಅಚ್ಚು ಹಾಕುವ ಮೊದಲು ಅದನ್ನು ಬೇರೆಯವರಿಗೆ ಕೊಟ್ಟು ಓದಿಸುತ್ತಾರಂತೆ. ಒಂದು ದಿನ ನನ್ನ ಫೋನಿನಲ್ಲಿ ಹೊಸ ಈಮೇಲ್ ವಿಳಾಸ ಮಾಡಿಕೊಟ್ಟು, ಒಂದು ಪೇಪರ್ ಬರುತ್ತೆ ಭಾವ, ಒಂದೆರಡು ಒಳ್ಳೆ ಮಾತು ಬರೆದು ಕಳಿಸಿಬಿಡಿ ಅಂದಿದ್ದ. ಬಂತು. 'ಗೌರವಾನ್ವಿತ ಪ್ರಾಧ್ಯಾಪಕರೇ' ಎಂದಿತ್ತು. ನನಗೆ ಖುಷಿಯಾಯಿತು, ದೊಡ್ಡವರು, ಎಲ್ಲರಿಗೂ ಮರ್ಯಾದೆ ಕೊಟ್ಟು ಬರೆಯುತ್ತಾರೆ ಅಂದುಕೊಂಡೆ.

ಭಾಮೈದ: ಆ 'ಪ್ರಾಧ್ಯಾಪಕರೇ' ನಿಮಗಲ್ಲ ಭಾವ.

ನಾನು: ಮತ್ಯಾರಿಗೆ? ನನ್ನ ಫೋನಿಗೇ ತಾನೆ ಬಂದಿದ್ದು?

ಭಾಮೈದ: ಪತ್ರಿಕೆಯವರು ಈ ವಿಷಯ ಬಲ್ಲವರ ಹೆಸರು ಸೂಚಿಸಿ ಅಂದ್ರು. ಹಲ್ಲಿಗಳ ಮೇಲೆ ಇಡೀ ಜೀವಮಾನ ಕೆಲಸ ಮಾಡಿದ ದೊಡ್ಡ ವಿದ್ವಾಂಸರು ಒಬ್ಬರಿದ್ದಾರೆ, ದೂರದ ಊರು. ಅವರ ಹೆಸರು ಕೊಟ್ಟೆ.

ನಾನು: ಕೊಟ್ಟು?

ಭಾಮೈದ: ವಿಳಾಸ ನಿಮ್ಮದು ಕೊಟ್ಟೆ.

ಕೈಯಲ್ಲಿದ್ದ ಸುತ್ತಿಗೆಯನ್ನು ನಾನು ಮೆಲ್ಲಗೆ ಕೆಳಗಿಟ್ಟೆ. ಅದು ಕೈಯಲ್ಲಿರುವುದು ಆ ಹೊತ್ತಿಗೆ ಒಳ್ಳೆಯದಾಗಿರಲಿಲ್ಲ.

ನಾನು: ಅಂದ್ರೆ ಆ ದೊಡ್ಡ ಮನುಷ್ಯರ ಹೆಸರಲ್ಲಿ ನಾನು ಸ್ಟೂಲಿಗೆ ಬೆಸುಗೆ ಹಾಕಿದ್ದೀನಿ.

ಭಾಮೈದ: ಸಂಪಾದಕರು ಕೇಳ್ತಿರೋದೂ ಅದನ್ನೇ.

ಫೋನು ತೆಗೆದು ಓದಿದ. ಸಂಪಾದಕರ ಕಾಗದ ಬಹಳ ವಿನಯದ್ದು, ಅದಕ್ಕೇ ಅದರಲ್ಲಿ ಬಿಸಿ ಜಾಸ್ತಿ. ತಮ್ಮ ಪೇಪರನ್ನು ಪರಿಶೀಲಿಸಿದ ಹಿರಿಯ ವಿದ್ವಾಂಸರು, ಅಡುಗೆಮನೆಯ ಗೋಡೆಯಲ್ಲಿ ಬಾಲವಿಲ್ಲದ ಹಲ್ಲಿಯೊಂದು ಇದ್ದು ಅದನ್ನು ಲೇಖಕರು ಕೈಬಿಟ್ಟಿದ್ದಾರೆ ಎನ್ನುತ್ತಾರೆ. ಟ್ಯೂಬ್‌ಲೈಟ್ ತೆಗೆದು ಕೊನೆಯ ಸಲ ಹಳದಿ ಬಲ್ಬು ಹಾಕಿದವರು ಅದನ್ನು ಮತ್ತೆ ಬದಲಾಯಿಸದೆ ಹೋದದ್ದರಿಂದ ಮನೆಯವರು ಮಬ್ಬು ಬೆಳಕಿನಲ್ಲಿ ಅಕ್ಕಿಯ ಕಲ್ಲು ಆರಿಸುವಂತಾಯಿತು ಎನ್ನುತ್ತಾರೆ. ಸ್ಟೂಲಿನ ಕಾಲನ್ನು ತಾವೇ ಬೆಸೆದುದಾಗಿಯೂ ಹೇಳುತ್ತಾರೆ. ಇವೆಲ್ಲ ಅವರಿಗೆ ಹೇಗೆ ತಿಳಿಯಿತು? ಲೇಖಕರಿಗೂ ಪರಿಶೀಲಕರಿಗೂ ಪರಿಚಯವಿದೆಯೆ? ಇದ್ದರೆ ಮೊದಲೇ ಏಕೆ ತಿಳಿಸಲಿಲ್ಲ? ದಯವಿಟ್ಟು ಬೇಗ ಉತ್ತರಿಸಿ.

ಭಾಮೈದ: ನೀವೀಗ ಇನ್ನೊಂದು ಈಮೇಲ್ ಹಾಕ್ಬೇಕು. ಬೇರೆ ಯಾವುದೋ ಪೇಪರಿನ ಮಾತು ಇದಕ್ಕೆ ಸೇರಿಕೊಂಡುಬಿಡ್ತು, ವಯಸ್ಸಾಯ್ತು, ಕ್ಷಮಿಸಿ ಅಂತ.

ನಾನು: ವಯಸ್ಸಾಗಿದ್ದು ಯಾರಿಗೆ?

ಭಾಮೈದ: ವಿದ್ವಾಂಸರಿಗೆ.

ನಾನು: ಅವರ ಹೆಸರು ಕದ್ದಿದ್ದು ಸಾಲದು ಅಂತ ಈಗ ಅವರಿಗೆ ಅರಳುಮರಳು ಬೇರೆ ಮಾಡ್ತೀಯಾ? ಇಷ್ಟೆಲ್ಲ ಕೇಳಿದ್ದಾರಲ್ಲ, ನಾನು ಕೊನೆಗೆ ದಪ್ಪಕ್ಷರದಲ್ಲಿ ಬರೆದದ್ದನ್ನ ಯಾಕೆ ಓದ್ಲಿಲ್ಲ ನೀನು? ಓದು.

ಅವನು ಫೋನನ್ನು ಜೇಬಿಗೆ ತುರುಕಿದ. ನನಗೆ ಬಾಯಿಪಾಠವಿತ್ತು. ಹಲ್ಲಿ ಎಣಿಸಿದವಳು ಒಬ್ಬಳು, ಪೇಪರಿನ ಮೇಲೆ ಹೆಸರು ಇರುವುದು ಇನ್ನೊಬ್ಬರದು, ಇದು ಯಾವ ನ್ಯಾಯ ಎಂದು ಬರೆದಿದ್ದೆ. ಬೇಸಿಗೆಯೆಲ್ಲ ನನ್ನ ಹೆಂಡತಿ ದಿನಾ ಸಂಜೆ ಎಣಿಸಿ ಇವನಿಗೆ ಫೋನಿನಲ್ಲಿ ಹೇಳಿದ್ದಾಳೆ. ಪೇಪರ್ ತೆರೆದರೆ ಮೊದಲ ಹೆಸರು ಇವನ ವಿಭಾಗದ ಮುಖ್ಯಸ್ಥನದು, ಅಂದರೆ ಎಚ್‌ಓಡಿಯದು. ಆ ಮನುಷ್ಯ ನಮ್ಮ ಅಡುಗೆಮನೆ ಯಾವ ದಿಕ್ಕಿಗಿದೆ ಎಂದೂ ಕಂಡವನಲ್ಲ.

ಭಾಮೈದ: ಅದು ರೂಢಿ ಭಾವ. ಅವರ ಹೆಸರು ಹಾಕದೆ ನಮ್ಮಲ್ಲಿ ಯಾರೂ ಪೇಪರ್ ಕಳ್ಸಲ್ಲ.

ನಾನು: ಗೇಟು ಮಾಡೋನು ನಾನು, ಬೋರ್ಡಲ್ಲಿ ಎದುರಂಗಡಿ ಟೈಲರ್ ಹೆಸರು. ಹಂಗಾಯ್ತು ಇದು.

ಭಾಮೈದ: ಬಡ್ತಿ ಕಾಗದಕ್ಕೆ ಸಹಿ ಹಾಕೋದು ಅವರು. ನಿಮ್ಮ ಟೈಲರ್ ಅಲ್ಲ.

ಹೀಗೆ ಎಳೆದಾಡಿ ಕೊನೆಗೊಂದು ರಾಜಿಗೆ ಬಂದೆವು. ನನ್ನ ಹೆಂಡತಿಯ ಹೆಸರನ್ನು ಅವನು ಪೇಪರಿಗೆ ಸೇರಿಸಬೇಕು, ನಾನು ಸ್ಟೂಲಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನನಗೆ ಒಳಗೊಳಗೇ ಮುಜುಗರವಾಗುತ್ತಿತ್ತು, ಆದರೂ ಹೆಂಡತಿಯ ಹೆಸರು ಅಚ್ಚಿನಲ್ಲಿ ನೋಡುವ ಆಸೆ ಅದನ್ನು ಅದುಮಿ ಕೂತಿತ್ತು. ಅವಳನ್ನು ಕರೆದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, ಅಂಗಡಿಗೆ ಅಂಟಿಕೊಂಡೇ ಇರುವ ಮನೆಯ ಹಿಂಬಾಗಿಲಿಂದ ಬಂದಳು. ತಮ್ಮ ಬಹಳ ಗಂಭೀರವಾಗಿ, ಅಕ್ಕಾ, ನಿನ್ನನ್ನು ಲೇಖಕಿ ಮಾಡುತ್ತಿದ್ದೇವೆ ಎಂದು ಹೇಳಿದ.

ಹೆಂಡತಿ: ನನ್ನ ಹೆಸರು ಬೇಡ.

ನಾನು: ಯಾಕೆ ಬೇಡ? ಕಷ್ಟಪಟ್ಟವಳು ನೀನು.

ಹೆಂಡತಿ: ಹೆಸರು ಹಾಕಿದ್ಮೇಲೆ ಯಾರಾದ್ರೂ ಏನಾದ್ರೂ ಕೇಳಿದ್ರೆ ನಾನೂ ಉತ್ತರ ಕೊಡ್ಬೇಕಲ್ವಾ?

ಭಾಮೈದ: ಕೊಡ್ಬೇಕು. ಆದ್ರೆ ಸುಲಭ ಅಕ್ಕ. ಎಣಿಸಿದ್ದನ್ನ ಹೇಳಿದ್ರೆ ಆಯ್ತು.

ಹೆಂಡತಿ: ಅದೇ ಕಷ್ಟ ಕಣೋ.

ಅವಳು ಅರ್ಧ ಮುಗಿದ ಗೇಟಿನ ಸರಳನ್ನು ಉಗುರಿನಿಂದ ಕೆರೆಯತೊಡಗಿದಳು. ಮದುವೆಯಾದಾಗಿನಿಂದ ನೋಡಿದ್ದೇನೆ, ಅವಳು ಹೀಗೆ ಏನನ್ನಾದರೂ ಕೆರೆದರೆ ನನಗೆ ಖರ್ಚು ಕಾದಿರುತ್ತದೆ.

ಹೆಂಡತಿ: ಮೊದಮೊದಲು ನಿಜವಾಗ್ಲೂ ಎಣಿಸ್ತಿದ್ದೆ. ಆಮೇಲೆ ಆ ಹೊತ್ತಿಗೇ ಧಾರಾವಾಹಿ ಶುರುವಾಯ್ತು. ಅವೇ ಹಲ್ಲಿಗಳು, ಎಲ್ಲಿಗೆ ಹೋಗ್ತಾವೆ ಅಂತ ಅಂದಾಜಿನ ಮೇಲೆ ಹೇಳ್ತಾ ಬಂದೆ.

ಭಾಮೈದ: ಅಂದಾಜಿನ ಮೇಲಾ?

ಹೆಂಡತಿ: ಬಿಳಿ ಬೆಳಕಿಗೆ ಜಾಸ್ತಿ ಅಂದ್ರೆ ನೀನು 'ಭೇಷ್ ಅಕ್ಕ' ಅಂತಿದ್ದೆ. ಹಳದಿಗೆ ಜಾಸ್ತಿ ಅಂದ್ರೆ ನಿನ್ನ ಸ್ವರ ಬಿದ್ದುಹೋಗೋದು, ಸರಿಯಾಗಿ ನೋಡಿದ್ಯಾ ಅಂತ ಮತ್ತೆ ಕೇಳ್ತಿದ್ದೆ. ದಿನಾ ನಿನ್ನನ್ನ ಯಾಕೆ ಅಳಿಸೋದು ಅಂತ ಬಿಳಿಗೇ ಹಾಕ್ತಾ ಹೋದೆ.

ಭಾಮೈದ: ಆ ಗ್ರಾಫ್ ಎಷ್ಟು ನೇರವಾಗಿ ಬಂದಿತ್ತು ಗೊತ್ತಾ ಅಕ್ಕ? ಎಚ್‌ಓಡಿ ಹೊಗಳಿದ್ರು.

ಹೆಂಡತಿ: ನೇರ ಬರದೆ ಏನು? ನೇರ ಬರ್ಲಿ ಅಂತಾನೇ ಹೇಳಿದ್ದು.

ಒಳಗೆ ಅಡುಗೆಮನೆಯಲ್ಲಿ ಹಲ್ಲಿಯೊಂದು ಲೊಚಗುಟ್ಟಿತು. ಮೂವರಿಗೂ ಕೇಳಿಸಿತು.

ಭಾಮೈದ ಗೋಡೆಗೊರಗಿ ಕೂತುಬಿಟ್ಟ. ಪ್ಯಾಂಟಿಗೆ ಕಬ್ಬಿಣದ ಪುಡಿ ಮೆತ್ತಿದ್ದೂ ಅವನಿಗೆ ಗಮನವಿರಲಿಲ್ಲ. ಆಮೇಲೆ ಏನೋ ಹೊಳೆದವನಂತೆ ಎಚ್‌ಓಡಿಗೆ ಫೋನು ಹಚ್ಚಿದ. ಪೇಪರಿಗೆ ತೊಂದರೆ ಬಂದಿದೆ ಸಾರ್, ನೀವೇ ಮೊದಲ ಲೇಖಕರು, ಸಂಪಾದಕರೊಂದಿಗೆ ಒಂದು ಮಾತು ಆಡಬೇಕು ಎಂದು ಕೇಳಿಕೊಂಡ. ಆ ಕಡೆಯ ದನಿ ನಮಗೂ ಕೇಳುವಷ್ಟು ಸ್ಪಷ್ಟವಾಗಿತ್ತು. ತಮಗೆ ಹಲ್ಲಿ ಕಂಡರೆ ಮೊದಲಿನಿಂದಲೂ ಆಗದು, ಆ ಪೇಪರನ್ನು ತಾವು ಓದಿಯೂ ಇಲ್ಲ, ತಮ್ಮ ಹೆಸರನ್ನು ಈಗಲೇ ತೆಗೆದುಹಾಕತಕ್ಕದ್ದು ಎಂದು ಹೇಳಿ ಅವರು ಫೋನು ಇಟ್ಟರು.

ನಾನು: ಮೊದ್ಲು ಪೇಪರಿಗೆ ಲೇಖಕರು ಜಾಸ್ತಿ ಇದ್ರು. ಈಗ ನೀನೊಬ್ಬನೇ ಉಳಿದೆ.

ಭಾಮೈದ: ತಮಾಷೆ ಮಾಡ್ಬೇಡಿ ಭಾವ. ನಿಜ ಬರೆದ್ರೆ ಬಡ್ತಿ ಹೋಗುತ್ತೆ.

ಹೆಂಡತಿ: ಬರೀದೆ ಇದ್ರೆ?

ಭಾಮೈದ: ಸಂಪಾದಕರು ಆ ವಿದ್ವಾಂಸರಿಗೆ ಒಂದು ಫೋನ್ ಮಾಡಿದ್ರೆ ಮುಗೀತು. ಕೆಲಸವೇ ಹೋಗುತ್ತೆ.

ಹೆಂಡತಿ: ಹಂಗಿದ್ರೆ ಇಷ್ಟು ಹೊತ್ತು ಏನು ಯೋಚ್ನೆ ಮಾಡ್ತಿದ್ದೆ? ಬರಿ. ನಾನು ಅಂದಾಜು ಹೇಳಿದ್ದನ್ನೂ ಸೇರಿಸು. ಸ್ವರ ಬೀಳಿಸಿದ್ದು ನೀನು ಅನ್ನೋದನ್ನೂ ಸೇರಿಸು.

ಅವನು ಬರೆದ. ಅಳಿಸಿದ, ಮತ್ತೆ ಬರೆದ. 'ಪರಿಶೀಲಿಸಿದ್ದು ವಿದ್ವಾಂಸರಲ್ಲ, ನನ್ನ ಭಾವ. ಅವರಿಗೆ ಬೇರೆಯವರ ಹೆಸರು ಬಳಸಿದ್ದು ತಿಳಿದಿರಲಿಲ್ಲ, ತಪ್ಪು ನನ್ನದು. ಅಂಕಿಗಳನ್ನು ನಂಬುವಂತಿಲ್ಲ. ಪೇಪರನ್ನು ಹಿಂದಕ್ಕೆ ಪಡೆಯುತ್ತೇನೆ.' ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ. ನನಗೆ ಬಯ್ಯಲು ಬಾಯಿ ಬರಲಿಲ್ಲ. ನಾನು ಚಿಕ್ಕವನಿದ್ದಾಗ ಶಾಲೆಯಲ್ಲಿ ಕೈ ಚಾಚಿ ಬೆತ್ತದೇಟಿಗೆ ಕಾಯುವವರ ಮುಖ ಹೀಗೇ ಇರುತ್ತಿತ್ತು. ಕೊನೆಗೆ ಒತ್ತಿದ.

ಮಾರನೆಯ ದಿನ ಸಂಜೆ ಅವನೇ ಬಂದ. ಯಾರಿಗೂ ಏನೂ ಹೇಳದೆ ಸ್ಟೂಲನ್ನು ಎಳೆದು ಹತ್ತಿ, ಹಳದಿ ಬಲ್ಬು ತೆಗೆದು ಟ್ಯೂಬ್‌ಲೈಟ್ ಹಾಕಿದ. ಕೆಳಗಿಳಿಯದೆ ಅಲ್ಲಿಂದಲೇ ಗೋಡೆಯನ್ನು ನೋಡುತ್ತ ನಿಂತ. ಬಾಲವಿಲ್ಲದ ಹಲ್ಲಿ ಕಿಟಕಿಯ ಮೇಲಿಂದ ಇಣುಕಿತು. ಇವನು ಉಸಿರು ಹಿಡಿದ. ಅಷ್ಟರಲ್ಲಿ ನನ್ನ ಫೋನು ಗುಂಯ್‌ಗುಟ್ಟಿತು.

ನಾನು: ಪತ್ರಿಕೆಯವರದು. ಈ ಸಲ 'ಪ್ರಾಧ್ಯಾಪಕರೇ' ಇಲ್ಲ. ಬರೀ 'ಮಾನ್ಯರೇ.'

ಭಾಮೈದ: ಓದಿ ಭಾವ. ಜೋರಾಗಿ ಬೇಡ, ಹಲ್ಲಿ ಓಡುತ್ತೆ.

ಓದಿದೆ. ಪೇಪರನ್ನು ಕೈಬಿಡಲಾಗಿದೆ. ಲೇಖಕರ ಕಾಲೇಜಿಗೆ ವಿಷಯ ತಿಳಿಸಲಾಗುವುದು, ಅವರಾಗಿಯೇ ಒಪ್ಪಿಕೊಂಡದ್ದನ್ನೂ ಅದರಲ್ಲಿ ಕಾಣಿಸಲಾಗುವುದು. ಇನ್ನು ಮುಂದೆ ತಾವು ನಮ್ಮ ಯಾವ ಪೇಪರನ್ನೂ ಪರಿಶೀಲಿಸಬಾರದು. ಇಷ್ಟು ಓದುವಾಗ ಸ್ಟೂಲಿನ ಮೇಲಿನ ಕಾಲುಗಳು ಸ್ವಲ್ಪ ನಡುಗಿದವು, ಬೆಸುಗೆ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಭಾಮೈದ: ಅಷ್ಟೇನಾ?

ನಾನು: ಕೆಳಗೆ ಇನ್ನೊಂದು ಸಾಲಿದೆ. 'ಇದೇ ಪೇಪರನ್ನು ನಾವಾಗಿ ಆರಿಸಿದ ಇನ್ನಿಬ್ಬರು ತಜ್ಞರಿಗೂ ಕಳಿಸಿದ್ದೆವು. ಚೆನ್ನಾಗಿದೆ, ಪ್ರಕಟಿಸಬಹುದು ಎಂದು ಇಬ್ಬರೂ ಎರಡೆರಡು ಸಾಲು ಬರೆದಿದ್ದಾರೆ. ಕೊನೆಯವರೆಗೂ ಓದಿದವರು ತಾವೊಬ್ಬರೇ ಎಂದು ಹೇಳಲು ನಾಚಿಕೆಯಾಗುತ್ತದೆ.'

ಭಾಮೈದ ಗೋಡೆಯಿಂದ ಕಣ್ಣು ತೆಗೆದು ನನ್ನತ್ತ ತಿರುಗಿದ. ಅಷ್ಟರಲ್ಲಿ ಹಲ್ಲಿ ಹೋಗಿಬಿಟ್ಟಿತು.

ಭಾಮೈದ: ಎರಡೇ ಸಾಲಾ? ಯಾರಿರಬಹುದು ಭಾವ ಆ ಇಬ್ಬರು?

ನಾನು: ಯಾರೋ ಪಾಪ, ಭಾಮೈದನ ಮಾತು ಕೇಳೋ ಭಾವಂದಿರು ಇರ್ಬೇಕು.